ಹೆಪ್ಪುಗಟ್ಟಿದ ಬಾನಿ

ಕಾರು ತಿರುವು ದಾಟಿ ಕಣ್ಮರೆಯಾದ ಮೇಲೂ ಕೌಕೊ ಬೀಸುತ್ತಿದ್ದ ಕೈ ಇಳಿಸಲಿಲ್ಲ. ಹೆಲ್ವಿ ಕನ್ನಡಿಯಲ್ಲಿ ನೋಡುತ್ತಿರಬಹುದು, ಇಷ್ಟು ಬೇಗ ಒಳಗೆ ಹೋಗಿಬಿಟ್ಟನೇ ಅಂದುಕೊಂಡಾಳು ಎಂಬ ಅಳುಕು. ಅರವತ್ತು ದಾಟಿದ ಮೇಲೆ ಮದುವೆಯಾದವನಿಗೆ ಇಂಥ ಅಳುಕುಗಳು ಹೆಚ್ಚು. ಚಿಕ್ಕ ವಯಸ್ಸಿನಲ್ಲಿ ಕಟ್ಟಿಕೊಂಡವರು ಇವನ್ನೆಲ್ಲ ಮೊದಲ ವರ್ಷವೇ ಉಂಡು ತೇಗಿರುತ್ತಾರೆ. ಚಳಿ ಸೊನ್ನೆಗಿಂತ ಮೂವತ್ತಮೂರು ಕೆಳಗಿತ್ತು. ಉಸಿರೆಳೆದಾಗೊಮ್ಮೆ ಮೂಗಿನೊಳಗಿನ ಕೂದಲು ಒಂದಕ್ಕೊಂದು ಅಂಟಿಕೊಂಡು ಮತ್ತೆ ಬಿಡುತ್ತಿದ್ದವು. ಆದರೂ ಅವನಿಗೆ ಒಳಗೊಳಗೇ ಹಿತವಾಗಿತ್ತು. ಹಲ್ಲಿನ ಡಾಕ್ಟರ ಬಳಿಗೆಂದು ಕಯಾನಿ ಪೇಟೆಗೆ ಹೊರಟ ಹೆಲ್ವಿ ಬರಿಗೈಯಲ್ಲಿ ಸ್ಟಿಯರಿಂಗ್ ಮುಟ್ಟಿ, ಮುಟ್ಟಿದ ಕೈ ತೆಗೆಯದೆ, ಬೆಚ್ಚಗಿದೆ ಎಂದು ನಕ್ಕಿದ್ದಳು. ಆ ನಗೆಯನ್ನು ಅವನು ಕಾಫಿಗೆ ಮುಂಚೆ ದವಡೆಯಲ್ಲಿಟ್ಟುಕೊಳ್ಳುವ ಸಕ್ಕರೆಯ ಹರಳಿನಂತೆ ಕರಗಲು ಬಿಡದೆ ಇಟ್ಟುಕೊಂಡು, ರಾತ್ರಿಯೆಲ್ಲ ಕಾರಿನ ಎಂಜಿನ್ನಿಗೆ ಕಾವು ಕೊಟ್ಟಿದ್ದ ವೈರನ್ನು ತೋಳಿಗೆ ಸುತ್ತುತ್ತ ಕೊಟ್ಟಿಗೆಯ ಗೋಡೆಯವರೆಗೆ ಬಂದ.

ಅಲ್ಲಿ ಇನ್ನೊಂದು ವೈರಿನ ತುದಿ ನೇತಾಡುತ್ತಿತ್ತು. ಪ್ಲಗ್ಗಿನ ಎರಡು ಕಡ್ಡಿಗಳ ಮೇಲೂ ಬಿಳಿಯ ಹಿಮದ ನವಿರು ಬೆಳೆದಿತ್ತು. ಮನೆಯ ಗೋಡೆಯ ಸಾಕೆಟ್ಟು ಹೋದ ವಾರ ಸುಟ್ಟುಹೋಗಿ, ರಿಪೇರಿಯವನು ಗುರುವಾರ ಬರುತ್ತೇನೆಂದಿದ್ದ. ಹೊರಗೆ ಉಳಿದದ್ದು ಇದೊಂದೇ, ಇದು ಹಸುಗಳ ಬಾನಿಯ ನೀರು ಹೆಪ್ಪುಗಟ್ಟದಂತೆ ಕಾಯುವ ಸಾಕೆಟ್ಟು. ನಿನ್ನೆ ಸಂಜೆ ಅದನ್ನು ಕಿತ್ತು ಕಾರಿನದನ್ನು ಸಿಕ್ಕಿಸಿದವನು ಅವನೇ. ಮರೆತಿದ್ದೆ ಎನ್ನಲೂ ಬಾಯಿಲ್ಲ. ಕೀಳುವಾಗ ಹಸುಗಳ ನೆನಪು ಬಂದಿತ್ತು, ಒಂದು ರಾತ್ರಿಯಲ್ಲಿ ಏನಾದೀತು ಎಂದುಕೊಂಡಿದ್ದ. ಆ ಮಾತು ಆಗ ಎಷ್ಟು ಸಲೀಸಾಗಿ ಮನಸ್ಸಿಗೆ ಬಂದಿತ್ತೆಂದರೆ, ಅದನ್ನು ಆಡಿದವನು ತಾನಲ್ಲ, ಔಲು ನಗರದಲ್ಲಿ ಮೂವತ್ತು ವರ್ಷ ಬಸ್ಸು ಓಡಿಸಿದ, ನೀರೆಂದರೆ ನಲ್ಲಿಯಲ್ಲಿ ಬರುವ ವಸ್ತು ಎಂದುಕೊಂಡಿದ್ದ ಬೇರೆ ಯಾವನೋ ಇರಬೇಕು ಎಂದು ಈಗ ಅನ್ನಿಸಿತು.

ಬಾನಿಯ ಸುತ್ತ ಹಸುಗಳು ನಿಂತಿದ್ದವು. ಕೆಂದು ಮೈ, ಕತ್ತಿನಿಂದ ಬಾಲದವರೆಗೆ ಸುಣ್ಣ ಎಳೆದಂತೆ ಬಿಳಿಯ ಬೆನ್ನು, ಕೊಂಬಿಲ್ಲದ ಬೋಳು ತಲೆ. ಯಾವುದೂ ಕೂಗಲಿಲ್ಲ. ಕೂಗಿದ್ದರೆ ಎಷ್ಟೋ ವಾಸಿಯಿತ್ತು. ಮುಂದಾಳು ಓಮೆನಾ ಮಾತ್ರ ಹೆಪ್ಪುಗಟ್ಟಿದ ನೀರನ್ನು ಒಮ್ಮೆ ನೆಕ್ಕಿ, ತಲೆಯೆತ್ತಿ ಅವನನ್ನು ನೋಡಿತು. ಬಸ್ಸು ತಡವಾಗಿ ಬಂದ ದಿನ ನಿಲ್ದಾಣದಲ್ಲಿ ನಿಂತ ಹೆಂಗಸರು ಹೀಗೇ ನೋಡುತ್ತಿದ್ದರು: ಬೈಯುವುದಿಲ್ಲ, ಗಡಿಯಾರ ತೋರಿಸುವುದಿಲ್ಲ, ಟಿಕೆಟ್ಟಿಗೆ ಕೈ ಚಾಚುತ್ತಾರೆ, ಅಷ್ಟೆ. ಅವನು ಪ್ಲಗ್ಗನ್ನು ಸಿಕ್ಕಿಸಿ ಕಾದ. ಏನೂ ಆಗಲಿಲ್ಲ. ಮಂಜುಗಡ್ಡೆಯನ್ನು ಮುಷ್ಟಿಯಿಂದ ಗುದ್ದಿದ, ಅದು ಕಲ್ಲಿನಂತೆ ಮೊಂಡಾಗಿ ದನಿಗೊಟ್ಟಿತು. ಆಮೇಲೆ ಮಾಡಿದ್ದನ್ನು ಮಾಡಬಾರದೆಂದು ಯಾರೂ ಅವನಿಗೆ ಹೇಳಿರಲಿಲ್ಲ, ಹೇಳಬೇಕಾದಷ್ಟು ದಡ್ಡನೆಂದು ಯಾರೂ ಎಣಿಸಿರಲಿಲ್ಲ. ಅಡುಗೆಮನೆಗೆ ಓಡಿ, ದೊಡ್ಡ ಪಾತ್ರೆಯಲ್ಲಿ ನೀರು ಮರಳಿಸಿ ತಂದು, ಗಡ್ಡೆಯ ಮೇಲೆ ಒಂದೇ ಸಲಕ್ಕೆ ಸುರಿದ. ಆವಿಯ ಮೋಡ ಎದ್ದು ಹಸುಗಳೂ ಅವನೂ ಒಬ್ಬರಿಗೊಬ್ಬರು ಕಾಣದಾದರು. ಆ ಮೋಡದೊಳಗಿಂದ, ಒಣ ಕಟ್ಟಿಗೆ ಸೀಳಿದಂಥ ಸದ್ದು ಬಂತು. ಆವಿ ಕರಗಿದಾಗ ಬಾನಿಯ ಪ್ಲಾಸ್ಟಿಕ್ ಮೈ ಅಂಚಿನಿಂದ ತಳದವರೆಗೆ ಬಿರಿದಿತ್ತು. ಬಿರುಕಿನಿಂದ ಇಳಿದ ನೀರು ಕೆಳಗಿನ ವೈರಿಗೆ ತಗುಲಿ, ಕೊಟ್ಟಿಗೆಯ ದೀಪಗಳು ಒಟ್ಟಿಗೇ ಆರಿದವು.

ಬಾನಿ ತೈಸ್ತೊ ಹಾಕಿಸಿದ್ದು. ಬೇಲಿಯ ಗೂಟ, ಕೊಟ್ಟಿಗೆಯ ಮಾಡು, ಅಡುಗೆಮನೆಯ ಬೆಂಚು, ಹಬೆಸ್ನಾನದ ಕೋಣೆಯಾದ ಸೌನಾದ ಒಲೆ, ಎಲ್ಲವೂ ಹೆಲ್ವಿಯ ಮೊದಲ ಗಂಡ ತೈಸ್ತೊನ ಕೈಯವು. ಈಗ ಕೌಕೊನ ಮೈಮೇಲಿರುವ ದಪ್ಪನೆಯ ನೀಲಿ ಕೋಟೂ ಅವನದೇ. ಊರಲ್ಲಿ ಇದು ಈಗಲೂ ತೈಸ್ತೊನ ಮನೆ, ಇವು ತೈಸ್ತೊನ ಹಸುಗಳು. ಕೌಕೊನನ್ನು ಊರವರು ಒಳ್ಳೆಯ ಮನುಷ್ಯ ಎನ್ನುತ್ತಾರೆ. ಹೆಚ್ಚಿಗೆ ಹೇಳಲು ಏನೂ ಇಲ್ಲದವರ ಬಗ್ಗೆ ಹಾಗೇ ಹೇಳುವುದು. ಎರಡು ಚಳಿಗಾಲ ಈ ಮನೆಯಲ್ಲಿ ಕಳೆದಿದ್ದರೂ ಕಪಾಟಿನಿಂದ ಲೋಟ ತೆಗೆಯುವಾಗ ಸದ್ದಾಗದಂತೆ ತೆಗೆಯುತ್ತಾನೆ. ಈ ಮನೆಅಳಿಯತನಕ್ಕೆ ಮಾವನಿಲ್ಲ, ಅತ್ತೆಯಿಲ್ಲ. ಹಜಾರದಲ್ಲಿ, ಮೀನು ಹಿಡಿದು ನಗುತ್ತಿರುವ ಒಬ್ಬ ಗಟ್ಟಿಮುಟ್ಟಾದ ಗಂಡಸಿನ ಫೋಟೊ ಇದೆ. ಅದರ ಮುಂದೆ ಹಾಯುವಾಗ ಕೌಕೊ ಯಾವಾಗಲೂ ಒಂಚೂರು ಬೇಗ ಹೆಜ್ಜೆ ಹಾಕುತ್ತಾನೆ. ಅದಕ್ಕೊಂದು ಕಾರಣ ಉಂಟು, ಅದು ಅವನೊಬ್ಬನಿಗೇ ಗೊತ್ತು. ತೈಸ್ತೊ ಔಲುವಿನ ಆಸ್ಪತ್ರೆಯಲ್ಲಿ ಮಲಗಿದ್ದ ಆ ವಸಂತದಲ್ಲಿ ಹೆಲ್ವಿ ಪ್ರತಿ ಸಂಜೆ ಕೌಕೊನ ಬಸ್ಸಿಗೆ ಹತ್ತುತ್ತಿದ್ದಳು, ಕೊನೆಯ ನಿಲ್ದಾಣದವರೆಗೂ ಕಿಟಕಿಯ ಗಾಜಿಗೆ ಹಣೆ ಆನಿಸಿ ಕೂರುತ್ತಿದ್ದಳು. ಅವಳು ಓಡಿ ಬರುವುದು ಕಂಡರೆ ಅವನು ಬಾಗಿಲು ಮುಚ್ಚದೆ ಕಾಯುತ್ತಿದ್ದ. ಮೊದಮೊದಲು ಕನಿಕರಕ್ಕೆ ಕಾದದ್ದು. ಆಮೇಲೆ ಅವಳು ಕಾಣದಿದ್ದಾಗಲೂ ಕಾಯತೊಡಗಿದ. ಅಲ್ಲಿ ಆಸ್ಪತ್ರೆಯ ಮೇಲಿನ ಮಹಡಿಯಲ್ಲಿ ಒಬ್ಬ ಮನುಷ್ಯ ಇನ್ನೂ ಉಸಿರಾಡುತ್ತಿದ್ದ.

ಸೌನಾದ ಹಂಡೆಯಲ್ಲಿ ನೀರಿತ್ತು, ನಲ್ಲಿಯೂ ಓಡುತ್ತಿತ್ತು. ಹಳೆಯ ಹಾಲಿನ ಕ್ಯಾನುಗಳಿಗೆ ನೀರು ತುಂಬಿ, ಜಾರುಬಂಡಿಯಲ್ಲಿಟ್ಟು ಎಳೆದ. ಹೆಲ್ವಿ ಬರುವಷ್ಟರಲ್ಲಿ ಎಲ್ಲವೂ ಕುಡಿದು ಮೆಲುಕು ಹಾಕುತ್ತಿದ್ದರೆ ಬಾನಿಯ ಬಿರುಕನ್ನು ಏನಾದರೂ ಹೇಳಿ ಮುಚ್ಚಬಹುದು ಎಂಬ ಆಸೆ. ಆದರೆ ಹಸುವಿನ ದಾಹ ಕ್ಯಾನಿನ ಲೆಕ್ಕಕ್ಕೆ ಸಿಗುವಂಥದ್ದಲ್ಲ. ಓಮೆನಾ ಬಕೆಟ್ಟಿಗೆ ಮೂತಿ ಇಳಿಸಿ ಎರಡು ಗುಟುಕಿಗೆ ಬರಿದು ಮಾಡಿ, ಇನ್ನೊಂದಕ್ಕೂ ಮೂತಿ ಹಾಕಿ, ಬೇರೆ ಹಸು ಹತ್ತಿರ ಬಂದರೆ ಪಕ್ಕೆಗೆ ತಲೆ ಕೊಟ್ಟು ತಳ್ಳಿತು. ಆ ತಳ್ಳಾಟದಲ್ಲಿ ಮೂರನೆಯ ಬಕೆಟ್ಟು ಮಗುಚಿ ಕೌಕೊನ ಎದೆಯಿಂದ ಮೊಣಕಾಲಿನವರೆಗೆ ಹರಿಯಿತು. ಅವನು ಜಾರಿ ಕುಂಡೆಯೂರಿ ಕೂತ. ಏಳುವಷ್ಟರಲ್ಲಿ ತೈಸ್ತೊನ ಕೋಟು ತಗಡಿನಂತೆ ಸೆಟೆದಿತ್ತು, ತೋಳು ಮಡಿಸಿದರೆ ಕರಕರ ಅನ್ನುತ್ತಿತ್ತು. ಕೊಟ್ಟಿಗೆಯ ಒಳಗಿನ ಮೂಲೆಯಲ್ಲಿ, ತುಂಬಿದ ಗಬ್ಬದ ಹೆರ್ತಾ ಬೇರೆಯಾಗಿ ನಿಂತಿತ್ತು. ಇವತ್ತೋ ನಾಳೆಯೋ ಈಯುವ ಹಸು. ಉಳಿದವುಗಳ ಗಲಾಟೆಗೆ ಅದು ಬರಲಿಲ್ಲ. ಒಣಗಿದ ನಾಲಿಗೆಯನ್ನು ಒಮ್ಮೆ ಹೊರಗೆ ಹಾಕಿ, ಮೂಗಿನ ಹೊಳ್ಳೆ ಸವರಿಕೊಂಡು, ಒಳಗೆ ಎಳೆದುಕೊಂಡಿತು. ಕೌಕೊ ಉಳಿದವುಗಳನ್ನು ಬಿಟ್ಟು ಅದರ ಹತ್ತಿರ ಹೋದ. ಒಂದು ಕ್ಯಾನು ಪೂರ್ತಿ ಅದಕ್ಕೇ ಕುಡಿಸಿದ. ಅದು ನಿಧಾನವಾಗಿ ಕುಡಿಯಿತು, ನೀರು ಗಂಟಲಲ್ಲಿ ಇಳಿಯುವುದು ಚರ್ಮದ ಹೊರಗಿನಿಂದ ಕಾಣುತ್ತಿತ್ತು. ಸೌನಾಗೆ ಮತ್ತೆ ಹೋದಾಗ ಹಂಡೆ ಬರಿದಾಗಿತ್ತು, ದೀಪಗಳ ಜೊತೆ ಪಂಪೂ ನಿಂತು ನಲ್ಲಿ ನೂಲಿನಷ್ಟು ಬರುತ್ತಿತ್ತು, ಹೊರಗೆ ಮುಕ್ಕಾಲು ಪಾಲು ಹಸುಗಳು ಬಾಯಾರಿ ನಿಂತಿದ್ದವು.

ಆಗ ಲೆಂಪಿ ಬಂದಳು. ರಸ್ತೆಯಾಚೆಯ ಮನೆಯ ಮುದುಕಿ, ಎಂಬತ್ತು ದಾಟಿದವಳು; ಒಂದು ಕಾಲು ಹಿಂಬದಿಯ ಪಟ್ಟಿಯ ಮೇಲಿಟ್ಟು ಇನ್ನೊಂದರಲ್ಲಿ ನೆಲ ಒದ್ದು ಓಡಿಸುವ ಜಾರುಗಾಡಿಯಲ್ಲೇ ಅಂಗಡಿಗೂ ಇಗರ್ಜಿಗೂ ಹೋಗುವವಳು. ಕಿಟಕಿಯಿಂದ ಬೆಳಗಿನಿಂದ ನೋಡುತ್ತಿದ್ದೆ ಎಂದು ಅವಳು ಮುಚ್ಚಿಡಲಿಲ್ಲ. ಬಿರಿದ ಬಾನಿಯನ್ನೂ ಸೆಟೆದ ಕೋಟನ್ನೂ ನೋಡಿ, ತುಟಿಯೊಳಗೇ ನಕ್ಕಳು.

"ಏನ್ ಡ್ರೈವರಪ್ಪ, ಬಸ್ ಕೆಟ್ಟೋಯ್ತಾ?"

"ಕೆಡಲಿಲ್ಲ ಲೆಂಪಕ್ಕ, ನಾನೇ ಕೆಡಿಸ್ದೆ. ಹೆಲ್ವಿಯ ಹಸುಗಳಿಗೆ ನೀರಿಲ್ಲ."

"ಹೆಲ್ವಿಯ ಹಸುಗಳು," ಎಂದು ಮುದುಕಿ ಅವನ ಮಾತನ್ನು ಅವನಿಗೇ ಒಪ್ಪಿಸಿದಳು. "ನೀರಿಲ್ದೆ ಏನು. ಅಲ್ಲಿ ನೋಡು, ಊರಷ್ಟು ಅಗಲ ಮಲಗಿದೆ."

ಅವಳು ಕೈ ತೋರಿಸಿದ ಕಡೆ ಕೆರೆಯಿತ್ತು. ಚಳಿಗಾಲ ಬಂದ ಮೇಲೆ ಅದನ್ನು ನೀರೆಂದು ಕೌಕೊ ಎಂದೂ ನೋಡಿರಲಿಲ್ಲ. ಹೊಲದ ಮುಂದುವರಿಕೆಯ ಹಾಗೆ, ಬಿಳಿಯ ಬಯಲು. ಲೆಂಪಿ ಹೇಳಿದ್ದು ಇಷ್ಟು: ಅವಳು ಹುಡುಗಿಯಾಗಿದ್ದಾಗ ಯಾರ ಕೊಟ್ಟಿಗೆಯಲ್ಲೂ ನಲ್ಲಿ ಇರಲಿಲ್ಲ, ಬಾವಿ ಬತ್ತಿದ ವರ್ಷ ಅವಳ ಅಮ್ಮ ಹಸುಗಳನ್ನು ಮಂಜಿನ ಮೇಲೆ ನಡೆಸಿಕೊಂಡು ಹೋಗುತ್ತಿದ್ದಳು. ದೊಡ್ಡ ತೂತು ಕೊರೆದರೆ ಹಸುವಿನ ಕಾಲು ಹೋಗುತ್ತದೆ. ಒಂದು ತೂತಿನಿಂದ ಉದ್ದಕ್ಕೆ ಕಾಲುವೆಯ ಹಾಗೆ ಗಡ್ಡೆಯನ್ನು ಕೆತ್ತಬೇಕು, ತಳ ಒಡೆಯಬಾರದು. ತೂತಿನ ನೀರು ತಾನಾಗಿ ಹರಿದು ತುಂಬಿಕೊಳ್ಳುತ್ತದೆ. ನಡೆಯುವ ದಾರಿಗೆ ಒಲೆಯ ಬೂದಿ, ನಿಲ್ಲುವ ಜಾಗಕ್ಕೆ ಹುಲ್ಲು. ತೂತಂತೂ ಇದ್ದೇ ಇದೆ, ನಿನ್ನ ಹೆಂಡತಿ ಸ್ನಾನಕ್ಕೆ ಮುಳುಗೋದು ಅಲ್ಲೇ ತಾನೆ ಎಂದಳು. ಅದು ನಿಜ. ಪ್ರತಿ ಶನಿವಾರ ಸೌನಾದ ಬಿಸಿಯಿಂದ ಹೊರಟು ಹೆಲ್ವಿ ಅಲ್ಲಿಗೆ ಹೋಗಿ, ಹಲಗೆಯ ಮುಚ್ಚಳ ಸರಿಸಿ, ಆ ಕರಿಯ ನೀರಿಗೆ ಕುತ್ತಿಗೆಯವರೆಗೆ ಇಳಿಯುತ್ತಿದ್ದಳು. ಕೌಕೊ ಟವೆಲ್ಲು ಹಿಡಿದು ದಡದಲ್ಲಿ ನಿಲ್ಲುತ್ತಿದ್ದ. ಮಂಜಿನ ಮೇಲೆ ಕಾಲಿಡಲೂ ಅವನಿಗೆ ಹೆದರಿಕೆ. ಅವಳದನ್ನು ಒಮ್ಮೆಯೂ ಆಡಿಕೊಂಡಿರಲಿಲ್ಲ, ಟವೆಲ್ಲು ಬೆಚ್ಚಗಿದೆ ಎಂದಷ್ಟೇ ಹೇಳುತ್ತಿದ್ದಳು.

ಲಾರಿ ಹೋದ್ರೂ ಬಿರಿಯಲ್ಲ ಹೋಗು ಎಂದು ಮುದುಕಿ ಮುಂದೆ ಮುಂದೆ ಜಾರಿಕೊಂಡು ಹೋದಳು. ಅವಳ ಹಿಂದೆ ಹಾರೆ ಹಿಡಿದು ಕೌಕೊ ಇಳಿದ. ದಡ ಬಿಟ್ಟು ಮೊದಲ ಹೆಜ್ಜೆಯಿಡುವಾಗ ಹಾರೆಯ ತುದಿಯಿಂದ ಮಂಜನ್ನು ಎರಡು ಸಲ ಕುಟ್ಟಿ ನೋಡಿದ. ಎಲ್ಲೋ ದೂರದಲ್ಲಿ ಕೆರೆ ಒಮ್ಮೆ ಗುಡುಗಿತು. ಚಳಿ ಹೆಚ್ಚಾದಾಗ ಅದು ಹಾಗೆ ಮೈಮುರಿಯುವುದುಂಟು, ಅವನಿಗೆ ಗೊತ್ತು, ಕಾಲಿಗೆ ಗೊತ್ತಿರಲಿಲ್ಲ. ಆದರೆ ಹಾರೆ ಎತ್ತಿ ಇಳಿಸತೊಡಗಿದ ಮೇಲೆ ಹೆದರಿಕೆಗೆ ಪುರುಸೊತ್ತಾಗಲಿಲ್ಲ. ಗಡ್ಡೆಯ ಚೂರುಗಳು ಮುಖಕ್ಕೆ ಸಿಡಿದವು. ಲೆಂಪಿ ಗಾಡಿಯ ಸೀಟಿನ ಮೇಲೆ ಕೂತು, ಇನ್ನೂ ಒಂದು ಗೇಣು, ಅಯ್ಯೋ ಅಷ್ಟು ಆಳ ಬೇಡ, ಸಮಾಧಿ ತೋಡ್ತಿದೀಯಾ ಎಂದು ಗದರುತ್ತಿದ್ದಳು. ಕಾಲುವೆ ತೂತಿನ ಅಂಚನ್ನು ಮುಟ್ಟಿದಾಗ ಕರಿಯ ನೀರು ನುಗ್ಗಲಿಲ್ಲ, ಮೊದಲು ಬೆರಳು ಚಾಚಿದಂತೆ ಒಂದು ಎಳೆ ಬಂತು, ಆಮೇಲೆ ತಾನೇ ದಾರಿ ಕಂಡುಕೊಂಡು ಉದ್ದಕ್ಕೂ ಹರಡಿ ಮಟ್ಟವಾಗಿ ನಿಂತಿತು. ಕೌಕೊ ಹಾರೆಯೂರಿ ನಿಂತು ಅದನ್ನೇ ನೋಡಿದ. ಈ ಮನೆಗೆ ಬಂದ ಮೇಲೆ ತನ್ನ ಕೈಯಿಂದ ಹೊಸದಾಗಿ ಆದದ್ದು ಇದೊಂದೇ ಎಂದು ಅನ್ನಿಸಿ, ಹಾಗನ್ನಿಸಿದ್ದಕ್ಕೆ ನಾಚಿಕೆಯೂ ಆಯಿತು. ಹಸುಗಳು ಬಾಯಾರಿ ನಿಂತಿರುವಾಗ ಹೆಮ್ಮೆ ಪಡುವ ಹೊತ್ತೇ ಇದು? ಮರದ ಮುಚ್ಚಳವನ್ನು ತೂತಿನ ಮೇಲೆ ಭದ್ರವಾಗಿ ಎಳೆದು, ಬೂದಿ ಚೆಲ್ಲಿ, ಹುಲ್ಲು ಹರಡಿ, ದಡ ಹತ್ತಿದ.

ಅಷ್ಟರಲ್ಲಿ ಇನ್ನಷ್ಟು ಸೆಟೆದಿದ್ದ ಕೋಟಿನಲ್ಲಿ ಕೈ ಎತ್ತಲಾಗದೆ ಅದನ್ನು ಬಿಚ್ಚಿ ಸೌನಾದ ಬಾಗಿಲಿಗೆ ಒರಗಿಸಿದ. ಅದು ಬೀಳದೆ, ಒಳಗೆ ಯಾರೋ ಇರುವವರಂತೆ ತಾನೇ ನಿಂತಿತು. ಮನೆಯೊಳಗಿಂದ ತನ್ನ ಹಳೆಯ ಡ್ರೈವರಿಕೆಯ ಕೋಟನ್ನು ಹಾಕಿಕೊಂಡು ಬಂದವನಿಗೆ ಗೇಟಿನ ಅಗಳಿ ತೆಗೆಯುವಾಗ ಹೊಸ ದಿಗಿಲು ಹುಟ್ಟಿತು. ಇಷ್ಟು ದಿನ ಹಸುಗಳು ತನ್ನನ್ನು ಹತ್ತಿರ ಬಿಟ್ಟುಕೊಂಡದ್ದು ತೈಸ್ತೊನ ಕೋಟಿನ ವಾಸನೆಗೆ ಎಂದು ಅವನು ಒಳಗೊಳಗೇ ನಂಬಿದ್ದ. ಡೀಸೆಲ್ಲಿನ, ಪೇಟೆಯ ವಾಸನೆಯ ಈ ಕೋಟಿನ ಹಿಂದೆ ಯಾವ ಹಸು ಬಂದೀತು. ಗೇಟು ತೆಗೆದು ಏನು ಹೇಳಿ ಕರೆಯಬೇಕೆಂದು ತೋಚಲಿಲ್ಲ. ಹೆಲ್ವಿ ಕರೆಯುವುದಕ್ಕೆ ಒಂದು ರಾಗವಿತ್ತು, ಅವನಿಗೆ ಅದು ಬಾರದು. "ಬನ್ನಿ, ಹೋಗೋಣ" ಎಂದ, ನಿಲ್ದಾಣದಲ್ಲಿ ಹೇಳುತ್ತಿದ್ದ ಹಾಗೇ, ಜೋರಿಲ್ಲದೆ. ತಿರುಗಿ ನೋಡುವ ಧೈರ್ಯವಾಗದೆ ನಡೆಯತೊಡಗಿದ. ಸೌನಾ ದಾಟುವಷ್ಟರಲ್ಲಿ ಹಿಂದೆ ಹಿಮ ಕಿರುಗುಟ್ಟುವ ಸದ್ದು ಕೇಳಿಸಿತು, ಒಂದರದಲ್ಲ, ಬಹಳ ಕಾಲುಗಳದು. ಓಮೆನಾದ ಬಿಸಿಯುಸಿರು ಬೆನ್ನಿಗೆ ತಾಗಿತು. ಮಂಜಿನ ಅಂಚಿನಲ್ಲಿ ಅದು ನಿಂತು ಬೂದಿಯನ್ನು ಮೂಸಿತು. ಅವನು ತಾನೂ ಹೆದರುತ್ತಲೇ ಮುಂದೆ ಹೋದ. ಹಸುವೂ ಒಂದು ಗೊರಸು ಇಟ್ಟಿತು, ತಡೆದು ಇನ್ನೊಂದು ಇಟ್ಟಿತು. ಆಮೇಲೆ ಒಂದರ ಹಿಂದೆ ಒಂದು ಬಂದು ಕಾಲುವೆಯ ಎರಡೂ ಬದಿಗೆ ನಿಂತು ಬೋಳು ತಲೆಗಳನ್ನು ತಗ್ಗಿಸಿದವು. ಯಾವುದೂ ಯಾವುದನ್ನೂ ತಳ್ಳಲಿಲ್ಲ, ಎಲ್ಲಕ್ಕೂ ಆಗಿ ಮಿಗುವಷ್ಟು ಇತ್ತು. ಕುಡಿಯುವ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಮೇಲೆ ಬಂದ ಸೂರ್ಯ ಬಿಳಿಯ ಬೆನ್ನುಗಳ ಸಾಲನ್ನು ಗುಲಾಬಿ ಮಾಡಿದ್ದ. ಲೆಂಪಿ ಗಾಡಿಯ ಮೇಲೆ ಕೂತು, ಗ್ಲೌಸಿನ ಹಿಂಬದಿಯಲ್ಲಿ ಮೂಗು ಒರೆಸಿಕೊಳ್ಳುತ್ತ ಇದ್ದಳು.

ಹೆಲ್ವಿಯ ಕಾರು ಬಂದದ್ದು ಅದೇ ಹೊತ್ತಿಗೆ. ಬಾಗಿಲು ಹಾಕಿದ ಸದ್ದು, ಕೊಟ್ಟಿಗೆಯ ಕಡೆ ಹೋದ ಹೆಜ್ಜೆ, ಬಾನಿಯ ಬಳಿ ಅದು ನಿಂತದ್ದು, ಮತ್ತೆ ಹೆಜ್ಜೆ. ಕೌಕೊ ಹಾರೆಯನ್ನು ಬಿಗಿಯಾಗಿ ಹಿಡಿದ. ಅವಳು ಪೇಟೆಯ ಬೂಟಿನಲ್ಲೇ ಜಾರುತ್ತ ದಡ ಇಳಿದು ಬಂದಳು, ಅರ್ಧ ಮುಖ ಇಂಜೆಕ್ಷನ್ನಿನಿಂದ ಜಡವಾಗಿ ಜೋತಿತ್ತು, ತುಟಿಯ ಒಂದು ತುದಿಯಿಂದ ಜೊಲ್ಲು ಇಳಿದು ಗಲ್ಲದ ಮೇಲೇ ಹೆಪ್ಪುಗಟ್ಟಿತ್ತು. ತನ್ನ ಹಸುಗಳನ್ನು, ಅವುಗಳ ಕಾಲಡಿಯ ಕೆರೆಯನ್ನು, ಹುಲ್ಲನ್ನು, ಕಾಲುವೆಯನ್ನು, ಕೊನೆಗೆ ಮಂಜಿನ ಮೇಲೆ ನಿಂತ ಅವನನ್ನು ನೋಡಿದಳು. ಅವನು ಬೆಳಗಿನಿಂದ ಹೊಂದಿಸಿಟ್ಟಿದ್ದ ಸುಳ್ಳುಗಳಲ್ಲಿ ಒಂದೂ ನಾಲಿಗೆಗೆ ಬರಲಿಲ್ಲ.

"ಬಾನಿ ಪ್ಲಗ್ಗು ಕಿತ್ತಿದ್ದು ನಾನೇ. ಕಾರಿಗೆ ಹಾಕ್ದೆ," ಎಂದ. "ಹಸುಗಳು ನೆನಪಿದ್ವು. ನೆನಪಿದ್ದೇ ಕಿತ್ತೆ."

"ಗೊತ್ತಾಯ್ತು," ಎಂದಳು ಹೆಲ್ವಿ. ಮಾತು ದಪ್ಪವಾಗಿ, ಕುಡಿದವರ ಮಾತಿನಂತೆ ಬರುತ್ತಿತ್ತು. "ಡಾಕ್ಟ್ರು ಬಾಯಿ ತುಂಬ ಹತ್ತಿ ತುರುಕಿದಾಗ ಹೊಳೀತು, ಮನೆ ಸಾಕೆಟ್ ಸುಟ್ಟಿದೆ, ಕಾರು ಹೆಂಗೆ ಬೆಚ್ಚಗಿತ್ತು ಅಂತ. ಫೋನ್ ಮಾಡೋಕೆ ಬಾಯಿ ಇರ್ಲಿಲ್ಲ."

ಹಸುಗಳು ಕುಡಿಯುತ್ತಿದ್ದವು. ಅವಳು ಹೆಪ್ಪುಗಟ್ಟಿದ ಜೊಲ್ಲನ್ನು ಉಗುರಿನಿಂದ ಕೆರೆದು ತೆಗೆದು, ಕೆರೆಯ ಆಚೆ ದಡ ನೋಡುತ್ತ ಹೇಳಿದಳು:

"ತೈಸ್ತೊ ಇದ್ದಿದ್ರೆ ಹಸು ನೀರಿನ ಪ್ಲಗ್ಗನ್ನ ಸಾಯೋವರ್ಗೂ ಕೀಳ್ತಿರ್ಲಿಲ್ಲ. ಆದ್ರೆ ಕಾರಿನ ಗಾಜಿಗೆ ಕಟ್ಟಿದ ಹಿಮಾನ ಯಾವತ್ತೂ ನಾನೇ ಕೆರ್ಕೋತಿದ್ದೆ."

ಅದು ಹೊಗಳಿಕೆಯೋ ಬೈಗುಳವೋ ಅವನಿಗೆ ತಿಳಿಯಲಿಲ್ಲ, ಎರಡೂ ಇರಬೇಕು, ಎರಡನ್ನೂ ಒಟ್ಟಿಗೇ ಕೊಡುವಷ್ಟು ಅವಳು ಅವನನ್ನು ಮನೆಯವನೆಂದುಕೊಂಡಿದ್ದಾಳೆ ಎನ್ನುವುದು ಮಾತ್ರ ಕೊಂಚ ತಡವಾಗಿ ತಿಳಿಯಿತು. ತಿಳಿದಾಗ, ಹೆರ್ತಾ ಕುಡಿದಿದೆ, ಒಂದು ಕ್ಯಾನು ಪೂರ್ತಿ ಕುಡಿದಿದೆ ಎಂದ. ಹೆಲ್ವಿ ಅರ್ಧ ಮುಖದಲ್ಲಿ ನಕ್ಕಳು. ಇನ್ನರ್ಧ ಬಿಗಿದುಕೊಂಡೇ ಇತ್ತು, ಅದನ್ನು ಕಂಡು ಲೆಂಪಿಗೂ ನಗು ತಡೆಯಲಾಗಲಿಲ್ಲ. ಜಾರದ ಹಾಗೆ ಹಿಡಿದುಕೋ ಎಂದು ಹೆಲ್ವಿ ತೋಳು ಚಾಚಿದಳು. ಮಂಜಿನ ಮೇಲೆ ಒಬ್ಬರನ್ನು ಹಿಡಿದು ನಿಲ್ಲಿಸುವುದು ಅವನ ಜೀವನದಲ್ಲಿ ಅದೇ ಮೊದಲು.

ಹೆರ್ತಾ ಮರುದಿನ ಹೆಣ್ಣು ಕರು ಹಾಕಿತು. ಹೊಸ ಬಾನಿ ಬರುವವರೆಗೆ, ದಿನವೂ ಬೆಳಕು ಹರಿದ ಮೇಲೆ ಕೌಕೊ ಹಾರೆ ಹಿಡಿದು ಹೋಗಿ ರಾತ್ರಿ ಕಟ್ಟಿದ ಕೆನೆಯನ್ನು ಒಡೆದು ಬರುತ್ತಿದ್ದ, ಆಮೇಲೆ ಗೇಟು ತೆಗೆದು ಮುಂದೆ ನಡೆಯುತ್ತಿದ್ದ, ಹೆಲ್ವಿ ಹಿಂದಿನಿಂದ ಬರುತ್ತಿದ್ದಳು. ಅಂಗಡಿಗೆ ಹೋಗುವವರು ರಸ್ತೆಯಲ್ಲಿ ನಿಂತು ನೋಡಿದರು, ಕೈ ಬೀಸಿದರು. ರಿಪೇರಿಯವನು ಬಂದು ಸಾಕೆಟ್ಟುಗಳನ್ನು ಸರಿಮಾಡಿದ. ಹೊಸ ಬಾನಿಯನ್ನು ಗಂಡಹೆಂಡಿರೇ ಕೂರಿಸಿದರು, ಬೋಲ್ಟು ಬಿಗಿಯುವಾಗ ಜಗಳವಾಡಿದರು, ಅದು ಅವರ ಮೊದಲ ಜಗಳ. ಸಂಜೆ ಅಡುಗೆಮನೆಯಲ್ಲಿ ಕೌಕೊ ಲೋಟಗಳನ್ನು ಸದ್ದಾಗುವಂತೆ ಇಟ್ಟ. ಬಾನಿಯ ಕೆಂಪು ದೀಪ ಹತ್ತಿತು, ನೀರಿನ ಮೇಲೆ ತೆಳುವಾಗಿ ಆವಿ ಆಡಿತು. ಇನ್ನು ಕೆರೆಗೆ ಹೋಗುವ ಕೆಲಸವಿಲ್ಲ ಎಂದು ಹೆಲ್ವಿ ಹೇಳಿದಾಗ ಅವನು ಹೌದೆಂದ. ಒಂಥರಾ ಖಾಲಿಯಾದಂತಾಯಿತು.

ಮಾರನೆಯ ಬೆಳಿಗ್ಗೆ ಅವನು ಕಾಫಿ ಬಗ್ಗಿಸುತ್ತಿದ್ದಾಗ, ಕಿಟಕಿಯ ಬಳಿ ನಿಂತ ಹೆಲ್ವಿ ಬಂದು ನೋಡು ಎಂದಳು. ಹೊಸ ಬಾನಿ ತುಂಬಿ ಬೆಚ್ಚಗೆ ಹಬೆಯಾಡುತ್ತಿತ್ತು, ಅದರ ಹತ್ತಿರ ಒಂದು ಹಸುವೂ ಇರಲಿಲ್ಲ. ಹಿಂಡೆಲ್ಲ ಕೆರೆಯ ಕಡೆಯ ಗೇಟಿಗೆ ಎದೆ ಕೊಟ್ಟು ಸಾಲಾಗಿ ನಿಂತಿತ್ತು. ಎಲ್ಲಕ್ಕಿಂತ ಮುಂದೆ ಓಮೆನಾ, ಮನೆಯ ಬಾಗಿಲ ಮೇಲೆಯೇ ಕಣ್ಣು.

"ಬಾನೀಲಿ ನೀರಿದೆಯಲ್ಲ," ಎಂದ ಕೌಕೊ.

"ಹೋಗಿ ಅವುಕ್ಕೇ ಹೇಳು."

ಅವನು ಲೋಟ ಕೆಳಗಿಟ್ಟು ಬೂಟು ಹಾಕಿಕೊಂಡ. ಹೋಗಿ ಗೇಟಿನ ಮೇಲೆ ಕೈಯಿಟ್ಟು ಅವುಗಳಿಗೆ ತಿಳಿಹೇಳಿದ, ನೀರು ಇಲ್ಲೇ ಇದೆ, ಅದೂ ಬೆಚ್ಚಗಿದೆ, ಹೊರಗೆ ಚಳಿ ಎಂದ. ಓಮೆನಾ ಒದ್ದೆ ಮೂತಿಯನ್ನು ಅವನ ಅಂಗೈಗೆ ಒತ್ತಿ, ಅಲ್ಲೇ ಇಟ್ಟುಕೊಂಡು ನಿಂತಿತು. ಅವನು ಅಗಳಿ ಎಳೆದ.